ಗುಂಡಿಗೆ ಮೊದಲ ಶತ್ರು ನೀರು, ಆಮೇಲೆ ಡಾಂಬರು

ಗೋವಾದ ರಸ್ತೆಗಳಲ್ಲಿ ಮಳೆಗಾಲಕ್ಕೆ ಮುಚ್ಚಿದ ಗುಂಡಿ ವಾರದಲ್ಲೇ ಕಿತ್ತು ಬರೋಕೆ ಕಳಪೆ ಡಾಂಬರೇ ಕಾರಣ ಅಂತ ಅಲ್ಲಿನ ರಸ್ತೆ ದುರಸ್ತಿ ಬಗ್ಗೆ ಬಂದ ಒಂದು ಲೇಖನ ಹೇಳುತ್ತೆ. ಅರ್ಧ ಮಾತ್ರ ಸರಿ. ನಿಂತ ಕೆಂಪು ನೀರಿನ ಮೇಲೇ ಮಾಲು (ಜಲ್ಲಿ-ಡಾಂಬರಿನ ಮಿಶ್ರಣ) ಸುರಿದು ಟಿಪ್ಪರ್ ಚಕ್ರ ಹತ್ತಿಸಿದರೆ ಯಾವ ಡಾಂಬರೂ ಹಿಡಿಯಲ್ಲ.

ಸುತ್ತ ಗಟ್ಟಿ ಪದರ ಸಿಗೋ ತನಕ ಚೌಕವಾಗಿ ಕತ್ತರಿಸಬೇಕು, ಅಂಚು ನೆಟ್ಟಗಿರಬೇಕು. ಓರೆ ಅಂಚಿನಲ್ಲಿ ಮಾಲು ತೆಳ್ಳಗಾಗಿ ಸಿಪ್ಪೆ ಏಳುತ್ತೆ. ನೀರು, ಕೆಸರು ತೆಗೆದು ತಳಕ್ಕೂ ನಾಲ್ಕು ಬದಿಗೂ ಎಮಲ್ಷನ್ (ನೀರಲ್ಲಿ ಬೆರೆಸಿದ ತೆಳು ಡಾಂಬರು) ಬಳಿಯಬೇಕು. ಅದು ಕಂದು ಬಣ್ಣ ಬಿಟ್ಟು ಕಪ್ಪಾದ ಮೇಲೇ ಮಾಲು. ಆಳ 7-8 ಸೆಂ.ಮೀ. ದಾಟಿದರೆ ಎರಡು ಪದರ, ಒಂದೊಂದರ ಮೇಲೂ ಬೇರೆಬೇರೆಯಾಗಿ ರೋಲರ್ ಓಡಿಸಬೇಕು. ಮಳೆಯಲ್ಲಿ ಬಿಸಿ ಮಾಲು ದಮ್ಮಸ್ಸಿಗೆ ಮೊದಲೇ ತಣ್ಣಗಾಗುತ್ತೆ, ಆಗ ಕೋಲ್ಡ್ ಮಿಕ್ಸ್ (ಬಿಸಿ ಮಾಡದೇ ಹಾಕೋ ಮಾಲು) ಬಳಸಿ, ಅಕ್ಟೋಬರ್ ನಂತರ ಪಕ್ಕಾ ಕೆಲಸ ಮಾಡಿ. ಪಕ್ಕದ ಚರಂಡಿ ಕಟ್ಟಿಕೊಂಡಿದ್ದರೆ ಇಷ್ಟೆಲ್ಲ ಮಾಡಿಯೂ ದಂಡ!

ಸೇತುವೆಗೆ ಲೇಖನದಲ್ಲಿ ಒಂದೇ ಸಾಲು, ಅದು ಸಾಲದು. 1986ರಲ್ಲಿ ಪಣಜಿಯ ಮಾಂಡವಿ ಸೇತುವೆ ಕುಸಿಯಿತು. 2016ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷ್ ಕಾಲದ ಸೇತುವೆ ಪ್ರವಾಹದಲ್ಲಿ ಕೊಚ್ಚಿಹೋಯಿತು. ಹಳೇ ಕಲ್ಲಿನ ಸೇತುವೆಗಳಲ್ಲಿ ಕಂಬದ ಬುಡದ ಮಣ್ಣು ಎಷ್ಟು ಕೊರೆದಿದೆ ಅಂತ ನೀರು ಇಳಿದ ಮೇಲೆ ಅಳೆಯಲೇಬೇಕು, ಮೇಲಿಂದ ಅದು ಕಾಣಲ್ಲ. ಕಾಂಕ್ರೀಟಿನದ್ದಾದರೆ ಎಕ್ಸ್‌ಪಾನ್ಷನ್ ಜಾಯಿಂಟ್ (ಬಿಸಿಲಿಗೆ ಹಿಗ್ಗಿ ಕುಗ್ಗೋಕೆ ಬಿಟ್ಟ ಸಂದು) ಕೆಳಗೆ ನಿಂತು ನೋಡಿ: ರಬ್ಬರ್ ಹರಿದಿದ್ದರೆ ಗರ್ಡರ್ (ಸೇತುವೆ ಹೊರೋ ತೊಲೆ) ತುದಿಯಲ್ಲಿ ತುಕ್ಕಿನ ಕಂದು ಗೆರೆ ಇಳಿದಿರುತ್ತೆ. ಕರಾವಳಿಯ ಉಪ್ಪು ಗಾಳಿಗೆ ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನೇ ಸಿಡಿಸುತ್ತೆ. ಮೇಲೆ ಡಾಂಬರು ಹಾಕುವಾಗ ಜಾಯಿಂಟನ್ನೂ ಮುಚ್ಚಿಬಿಡೋ ಚಾಳಿ ಬೇರೆ.