ಕುದುರೆಯ ಕೆನೆತಕ್ಕೆ ಕರ್ತೃ ಯಾರು?

ಹಳೆಯ ಜಾಝ್ ಡಿಸ್ಕಿನ ಲೇಬಲ್ ಮೇಲೆ, ಹಾಡಿನ ಹೆಸರಿನ ಕೆಳಗೆ, ಕಂಸದೊಳಗೆ ಒಂದು ಹೆಸರಿರುತ್ತದೆ. ಅದು ಸಂಯೋಜಕನದೆಂದು ನಂಬುವವರು ಪುಣ್ಯವಂತರು. ದುಡ್ಡು ಯಾರ ಮನೆಗೆ ಹೋಗಬೇಕೆಂದು ತಿಳಿಸುವ ವಿಳಾಸ ಅದು.

1909ರ ಅಮೆರಿಕದ ಹಕ್ಕುಸ್ವಾಮ್ಯ ಕಾಯ್ದೆ ಅಚ್ಚಾದ ಪ್ರತಿ ಡಿಸ್ಕಿನಲ್ಲಿ ಹಾಡೊಂದಕ್ಕೆ ಅದರ ಹಕ್ಕುದಾರರಿಗೆ 2 ಸೆಂಟ್ ಎಂದು ಗೊತ್ತುಮಾಡಿತು. ಜನ ಕೊಳ್ಳುತ್ತಿದ್ದುದು ಒಂದು ಮುಖದ ಹಾಡಿಗಾಗಿ, ಆದರೆ 2 ಸೆಂಟ್ ಎರಡು ಮುಖಕ್ಕೂ ಸಮ. ಲಕ್ಷ ಡಿಸ್ಕ್ ಹೋದರೆ ಯಾರೂ ಕೇಳದ ಹಿಂಬದಿಗೂ 2,000 ಡಾಲರ್! ಊದಿ ಬಾರಿಸಿದವರಿಗೆ ಸಾಮಾನ್ಯವಾಗಿ ಒಂದೇ ಸಲದ ಕೂಲಿ. ಹೀಗಿರುವಾಗ ಪ್ರಕಾಶಕರಿಗೂ ಮ್ಯಾನೇಜರುಗಳಿಗೂ ರಾತ್ರೋರಾತ್ರಿ ಸರಸ್ವತಿ ಒಲಿಯದೆ ಇರುತ್ತಾಳೆಯೇ? ಸ್ವರಲಿಪಿ ಬಲ್ಲವನೊಬ್ಬನನ್ನು ಕೂರಿಸಿ ರಾಗವನ್ನು ಒಂದು ಹಾಳೆಗೆ ಇಳಿಸಿ, 1 ಡಾಲರ್ ಶುಲ್ಕದೊಂದಿಗೆ ವಾಷಿಂಗ್ಟನ್ನಿನ ಹಕ್ಕುಸ್ವಾಮ್ಯ ಕಚೇರಿಗೆ ಕಳಿಸಿದರೆ ಮುಗಿಯಿತು, ನೀವು ಸಂಯೋಜಕರು. ವಾದಕನಿಗೆ ಸ್ವರಲಿಪಿ ಬಾರದಿದ್ದರೆ ಇನ್ನೂ ಅನುಕೂಲ.

ಮೊದಲ ಜಾಝ್ ಡಿಸ್ಕೇ ಇದಕ್ಕೆ ಶ್ರೀಕಾರ ಹಾಕಿತು. 1917ರ ಫೆಬ್ರುವರಿ 26ರಂದು ನ್ಯೂಯಾರ್ಕಿನಲ್ಲಿ ವಿಕ್ಟರ್ ಕಂಪನಿಗೆ ನುಡಿಸಿದ ತಂಡದ ಹೆಸರು ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್. ‘ಒರಿಜಿನಲ್’ ಎಂಬುದನ್ನು ಗಮನಿಸಿ. ಕ್ಲಾರಿನೆಟ್ ಹುಂಜವಾಗಿ ಕೂಗಿತು, ಕಾರ್ನೆಟ್ ಕೆನೆಯಿತು, ಟ್ರೊಂಬೋನ್ ಹಸುವಿನಂತೆ ಅಂಬಾ ಎಂದಿತು. ಕಾರ್ನೆಟ್‌ನ ನಿಕ್ ಲಾರೋಕ ಇದು ತನ್ನ ‘ಬಾರ್ನ್‌ಯಾರ್ಡ್ ಬ್ಲೂಸ್’ ಎಂದ. ಲೇಬಲ್ ಮಾತ್ರ ‘ಲಿವರಿ ಸ್ಟೇಬಲ್ ಬ್ಲೂಸ್’ ಎಂದಿತು. ಅದೇ ಹೆಸರಿನಲ್ಲಿ ತಂಡ ಬಿಟ್ಟಿದ್ದ ಆಲ್ಸೀಡ್ ನೂನೆಜ್, ರೇ ಲೋಪೆಜ್ ಎಂಬವನ ಜೊತೆ ಸೇರಿ ಶಿಕಾಗೋದಲ್ಲಿ ಶೀಟ್ ಮ್ಯೂಸಿಕ್ (ಅಚ್ಚಾದ ಸ್ವರಲಿಪಿ) ಹೊರಡಿಸಿಬಿಟ್ಟ. ಅಕ್ಟೋಬರಿನಲ್ಲಿ ಮೊಕದ್ದಮೆ. ಕೊಟ್ಟಿಗೆಯ ಸದ್ದು ಯಾರ ಸೃಷ್ಟಿ ಎಂದು ವಿಚಾರಿಸಿದ ನ್ಯಾಯಾಧೀಶ ಕಾರ್ಪೆಂಟರ್, ಸ್ವರಲಿಪಿ ಓದಲೂ ಬರೆಯಲೂ ಬಾರದ ಎರಡೂ ಕಡೆಯವರನ್ನು ಬರಿಗೈಯಲ್ಲಿ ಕಳಿಸಿದರು. ಡಿಸ್ಕಿನ ಇನ್ನೊಂದು ಮುಖದ ‘ಒನ್-ಸ್ಟೆಪ್’ ನೃತ್ಯದಲ್ಲಿ ಜೋ ಜೋರ್ಡನ್‌ನ 1909ರ ‘ದಟ್ ಟೀಸಿನ್ ರ್‍ಯಾಗ್’ ಅಡಗಿತ್ತು. ಕಂಪನಿ ಮುಂದಿನ ಲೇಬಲ್‌ಗಳಲ್ಲಿ ಆ ಹೆಸರನ್ನು ತೇಪೆ ಹಾಕಿತು. ಅಲ್ಲಿಗೆ ಎರಡು ಮುಖದಲ್ಲೂ ‘ಒರಿಜಿನಲ್’ ಉಳಿದದ್ದು ತಂಡದ ಹೆಸರಿನಲ್ಲಷ್ಟೇ.

1930ರ ‘ಮೂಡ್ ಇಂಡಿಗೊ’ ಹಾಡಿನ ಕಥೆ ಇದಕ್ಕಿಂತ ಸಭ್ಯ. ರಾಗದ ಒಂದು ಭಾಗ ನ್ಯೂ ಆರ್ಲಿಯನ್ಸಿನ ತನ್ನ ಗುರು ಲೊರೆಂಜೊ ಟಿಯೊನಿಂದ ಬಂದದ್ದೆಂದು ಕ್ಲಾರಿನೆಟ್‌ನ ಬಾರ್ನಿ ಬಿಗಾರ್ಡ್. ಸಾಹಿತ್ಯ ತನ್ನದೆಂದು ಮಿಚೆಲ್ ಪ್ಯಾರಿಶ್. ಒಟ್ಟು ಕಟ್ಟಡ ತಂಡದ ನಾಯಕ ಡ್ಯೂಕ್ ಎಲಿಂಗ್ಟನ್‌ನದು. ಟಿಯೊ, ಪ್ಯಾರಿಶ್ ಲೇಬಲ್‌ನಲ್ಲಿ ಇಲ್ಲವೇ ಇಲ್ಲ, ಬಿಗಾರ್ಡ್ ತಡವಾಗಿ ಸೇರಿದ. ತಪ್ಪದೆ ಇರುವವನು ಅರ್ವಿಂಗ್ ಮಿಲ್ಸ್, ಎಲಿಂಗ್ಟನ್‌ನ ಮ್ಯಾನೇಜರ್ ಮತ್ತು ಪ್ರಕಾಶಕ. ಪೂಜಾರಿಯೇ ವರಕ್ಕೂ ಸಹಿ ಹಾಕಿದ ಹಾಗೆ.

ಇಷ್ಟಾದರೂ ನಿಜ ಕರ್ತೃವನ್ನು ಹುಡುಕುವ ಹಟವಿದ್ದರೆ, ಲೇಬಲ್ ಬಿಟ್ಟು ಅದರ ಸುತ್ತಲಿನ ಖಾಲಿ ಜಾಗ ನೋಡಿ. ಅಲ್ಲಿ ಒತ್ತಿರುವ ಮ್ಯಾಟ್ರಿಕ್ಸ್ ಸಂಖ್ಯೆ ಆ ಧ್ವನಿಮುದ್ರಣದ್ದು. ಅಂಗಡಿಯ ಕ್ಯಾಟಲಾಗ್ ಸಂಖ್ಯೆ ಬೇರೆ. ತಂಡಗಳಿಗೆ ಮಾರುವೇಷ ಬೇರೆ ಇರುತ್ತದೆ: ‘ಮೂಡ್ ಇಂಡಿಗೊ’ವೇ ಬ್ರನ್ಸ್‌ವಿಕ್ ಕಂಪನಿಯ ಡಿಸ್ಕಿನಲ್ಲಿ ‘ಡ್ರೀಮಿ ಬ್ಲೂಸ್’, ತಂಡ ‘ಜಂಗಲ್ ಬ್ಯಾಂಡ್’. ‘ಬ್ಯೂಟಿಫುಲ್ ಒಹಾಯೊ’ ಬರೆದ ಮೇರಿ ಅರ್ಲ್ ಎಂಬ ಮಹಿಳೆ ರಾಬರ್ಟ್ ಕಿಂಗ್ ಎಂಬ ಗಂಡಸು. ದಾಸರ ಪದದಲ್ಲಾದರೂ ಅಂಕಿತವಿರುತ್ತದೆ. ಇಲ್ಲಿ ಲೇಬಲ್ ಕೊಡುವುದು ಬರೀ ಮನೆತನದ ಹೆಸರು. ‘ರಾಯಲ್ ಗಾರ್ಡನ್ ಬ್ಲೂಸ್’ಗೆ ವಿಲಿಯಮ್ಸ್–ವಿಲಿಯಮ್ಸ್ ಎಂದಿದ್ದರೆ ಅಣ್ಣತಮ್ಮಂದಿರಲ್ಲ. ಸ್ಪೆನ್ಸರ್‌ಗೂ ಪ್ರಕಾಶಕ ಕ್ಲಾರೆನ್ಸ್‌ಗೂ ರಕ್ತಸಂಬಂಧವಿಲ್ಲ.

ಆಮೇಲೆ ಕಂಪನಿಯ ಲೆಜರ್, ನಂತರ ಹಕ್ಕುಸ್ವಾಮ್ಯ ಕಚೇರಿಯ ಪಟ್ಟಿ. ಠೇವಣಿಯಾದ ಹಾಳೆ ತರಿಸಿಕೊಂಡು ಡಿಸ್ಕಿನ ಜೊತೆ ಭಾಗ ಭಾಗವಾಗಿ ಹೋಲಿಸಿ. ಬರೀ ಮೊದಲ ಭಾಗ ಹೋಲಿಸಿ ಎದ್ದವರಿಗೆ ಟ್ರಿಯೊದಲ್ಲಿ, ಅಂದರೆ ನಂತರದ ಭಾಗದಲ್ಲಿ, ಅಡಗಿದ ಜೋ ಜೋರ್ಡನ್ ಸಿಗುವುದಿಲ್ಲ. ಕೊನೆಗೆ, 1909ರ ಕಾಯ್ದೆಯಡಿ ಹಕ್ಕುಸ್ವಾಮ್ಯ ಉಳಿಸಿಕೊಳ್ಳಲು 28ನೇ ವರ್ಷದಲ್ಲಿ ಮಾಡಿಸಬೇಕಿದ್ದ ನವೀಕರಣ ನೋಡಿ: ಆ ಹಕ್ಕು ಕರ್ತೃವಿಗೆ ಅಥವಾ ಅವನ ವಾರಸುದಾರರಿಗೆ ಸೇರುತ್ತಿತ್ತು. ಹೆಸರಿನ ಮುಂದೆ ‘ಎ’ ಎಂದರೆ ಕರ್ತೃ, ‘ಡಬ್ಲ್ಯು’ ಎಂದರೆ ವಿಧವೆ, ‘ಸಿ’ ಎಂದರೆ ಮಗು. ಎಷ್ಟೋ ಹೆಂಡಂದಿರು ಅಲ್ಲಿ ಗಂಡನ ಹಾಡನ್ನು ಮರಳಿ ಕೇಳಿದ್ದಾರೆ. ‘ಪಿಡಬ್ಲ್ಯುಎಚ್’ ಎಂದಿದ್ದರೆ ಹಾಡನ್ನು ಸಂಬಳ ಕೊಟ್ಟು ಮಾಡಿಸಿದ್ದೆಂದು ಮಾಲೀಕನ ವಾದ; ಕಾನೂನಿನ ಕಣ್ಣಿಗೆ ಆಗ ಕರ್ತೃವೂ ಅವನೇ, ರಾಗ ಕಟ್ಟಿದವನು ಅವನ ಕಚೇರಿಯ ನೌಕರ.