40 ನಿಮಿಷ ಅಲ್ರಿ, ಒಂದು ತಾಸಿನ ಚಿತ್ರ

ನಿಮ್ಮ ಲೇಖನದೊಳಗ ದಾದಾಸಾಹೇಬ್ ಫಾಲ್ಕೆಯವರ 1913ರ ಮೂಕಿ ಚಿತ್ರ ‘ರಾಜಾ ಹರಿಶ್ಚಂದ್ರ’ 40 ನಿಮಿಷದ್ದು ಅಂತ ಬರದೀರಿ. ಅದು ಈಗಿನಂಗ ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಓಡಿಸೋ ವೇಗದ ಲೆಕ್ಕ. ಚಿತ್ರದ ಉದ್ದ ಸುಮಾರು 3,700 ಅಡಿ. 35 ಎಂ.ಎಂ. ಫಿಲ್ಮಿನ ಒಂದು ಅಡಿಯೊಳಗ 16 ಫ್ರೇಮ್ ಇರ್ತಾವ. ಕೈಲೆ ತಿರುವೋ ಕ್ಯಾಮೆರಾದ ಹಿಡಿಕಿ ಒಂದು ಸುತ್ತು ತಿರುವಿದ್ರ 8 ಫ್ರೇಮ್, ಸೆಕೆಂಡಿಗೆ ಎರಡು ಸುತ್ತು, ಅಂದ್ರ ಸೆಕೆಂಡಿಗೆ ಒಂದಡಿ. ಆ ವೇಗದಾಗ ಓಡಿಸಿದ್ರ ಚಿತ್ರ ಒಂದು ತಾಸು ದಾಟತೈತಿ. 24ರಾಗ ಓಡಿಸಿದ್ರ 41 ನಿಮಿಷಕ್ಕ ಮುಗಿದು ಮಂದಿ ಜಿಗದಾಡಿದಂಗ ಕಾಣತಾರ. ಅದು ತೆಗೆದವರ ತಪ್ಪಲ್ಲ, ಓಡಿಸಿದವರ ತಪ್ಪು.

ಫಾಲ್ಕೆಯವರ ಹೆಂಡತಿ ಸರಸ್ವತಿಬಾಯಿಯವರನ್ನ ಒಂದ ಸಾಲಿನಾಗ ಮುಗಿಸಿದ್ದು ಬ್ಯಾಸರ ಆತು. ಆಗ ಫಿಲ್ಮ್ ತೂತಿಲ್ಲದ ಬರತಿತ್ತು. ಕತ್ತಲಕೋಣೆಯಾಗ ಕುಂತು ತೂತು ಹಾಕಿದವರು, ತೊಳೆಯೋದಕ್ಕ ಕೈ ಹಚ್ಚಿದವರು ಅವರು. ಫ್ರೇಮಿಗೆ ಎರಡೂ ಅಂಚಿಗೆ ನಾಕು-ನಾಕು ತೂತು, ಅಡಿಗೆ 128! ಅಂತರ ಕೂದಲೆಳಿಯಷ್ಟು ಹೆಚ್ಚುಕಮ್ಮಿ ಆದ್ರೂ ಪರದೆ ಮ್ಯಾಲೆ ಚಿತ್ರ ನಡುಗತೈತಿ, ಇಲ್ಲಾ ಫಿಲ್ಮ್ ಎಳೆಯೋ ಗಾಲಿಯ ಹಲ್ಲಿಗೆ ಸಿಕ್ಕು ಫಿಲ್ಮ್ ಹರೀತೈತಿ.

ಇನ್ನೊಂದು, ಆ ಫಿಲ್ಮಿಗೆ ಕೆಂಪು ಬಣ್ಣ ತಾಕತಿರಲಿಲ್ಲ. ಅದಕ್ಕ ಕೆಂಪು ದೀಪ ಹಚ್ಚಿಕೊಂಡು ತೊಳೀಬಹುದಿತ್ತು. ಅದ ಕಾರಣಕ್ಕ ನಮ್ಮ ಇಳಕಲ್ ಸೀರಿಯ ಕೆಂಪು ಸೆರಗು, ಹಣಿ ಮ್ಯಾಲಿನ ಕುಂಕುಮ ಅದರಾಗ ಕಪ್ಪಗ ಬೀಳತಾವ, ನೀಲಿ ಆಕಾಶ ಬೆಳ್ಳಗ. ಹಳೇ ಚಿತ್ರದಾಗ ಸೆರಗು ಕಪ್ಪು ಕಂಡ್ರ ಸೀರಿನೂ ಕಪ್ಪಿತ್ತು ಅಂತ ಬರೀಬ್ಯಾಡ್ರಿ.