ಬ್ಲೂ ಬುಕ್ಕಿನ ಮೂಲೆ ಮಡಚಿದವರಿಗೆ

ಸಿಇಟಿ ಸೀಟು ಹಂಚಿಕೆ ಶುರುವಾಯಿತೆಂದರೆ ನನ್ನ ವಾಟ್ಸ್‌ಆ್ಯಪ್‌ಗೆ ಬಿಡುವಿಲ್ಲ. ನೆಂಟರು, ನೆಂಟರ ಪಕ್ಕದ ಮನೆಯವರು, ಹಳೇ ಸ್ಟೂಡೆಂಟ್‌ಗಳ ತಮ್ಮ ತಂಗಿಯರು. "ಮೇಡಂ, ಲ್ಯಾಪ್‌ಟಾಪ್ ಯಾವುದು ತಗೊಳ್ಳೋದು?" "ಸಿಎಸ್ ಸಿಗ್ಲಿಲ್ಲ, ಐಎಸ್ ತಗೊಂಡ್ರೆ ನಡೆಯುತ್ತಾ?" "ಹಾಸ್ಟೆಲ್ ಒಳ್ಳೇದಾ, ಪಿಜಿ ಒಳ್ಳೇದಾ?" ಇಷ್ಟು ವರ್ಷದಲ್ಲಿ ಒಬ್ಬರೂ "ಫಸ್ಟ್ ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಬರ್ಲಿಲ್ಲ ಅಂದ್ರೆ ಯಾರ ಹತ್ರ ಹೋಗ್ಬೇಕು?" ಅಂತ ಕೇಳಿಲ್ಲ. ನನಗೆ ಸರಿಯಾಗಿ ಉತ್ತರ ಗೊತ್ತಿರೋದು ಅದೊಂದಕ್ಕೇ.

ನಾನು ಸಿವಿಲ್ ಡಿಪಾರ್ಟ್‌ಮೆಂಟಿನವಳು. ಬಯಲುಸೀಮೆಯ ಜಿಲ್ಲಾ ಕೇಂದ್ರವೊಂದರ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಇಂಜಿನಿಯರಿಂಗ್ ಕಾಲೇಜಿನಲ್ಲಿ ಫಸ್ಟ್ ಇಯರಿನವರಿಗೆ ಡ್ರಾಯಿಂಗ್ ಹೇಳಿಕೊಡುತ್ತಾ ಹತ್ತೊಂಬತ್ತು ವರ್ಷ ಆಯಿತು. ಜೊತೆಗೆ ಪ್ರತಿ ವರ್ಷ ಇಪ್ಪತ್ತು ಮಕ್ಕಳಿಗೆ ಪ್ರಾಕ್ಟರ್. ಅಟೆಂಡೆನ್ಸ್ ನೋಡಿ ಸಹಿ ಹಾಕುವವಳು, ಟೆಸ್ಟ್ ಮಾರ್ಕ್ಸ್ ಹಿಡಿದು ಕೂರುವವಳು, ಅಪ್ಪ ಅಮ್ಮಂದಿರಿಗೆ ಫೋನ್ ಮಾಡಿ ಬೈಸಿಕೊಳ್ಳುವವಳು ನಾನೇ. ಹಾಗಾಗಿ ಇಲ್ಲಿ ಬರೆಯುತ್ತಿರುವುದು ವಿಟಿಯು ಕಾಲೇಜುಗಳ ಮಾತು. ಸುರತ್ಕಲ್ಲಿನ ಎನ್‌ಐಟಿಯಲ್ಲಿ, ಆಟೊನಮಸ್ ಕಾಲೇಜುಗಳಲ್ಲಿ ನಿಯಮ ಬೇರೆ ಇರುತ್ತೆ. ಹದಿನೆಂಟರ ಹುಡುಗ ಹುಡುಗಿಯರ ಸಂಕಟ ಮಾತ್ರ ಎಲ್ಲ ಕಡೆ ಹೆಚ್ಚು ಕಮ್ಮಿ ಒಂದೇ.

ಮೊದಲ ಎರಡು ಮೂರು ವಾರ ಮದುವೆ ಮನೆ ಇದ್ದಂಗೆ. ಇಂಡಕ್ಷನ್ ಪ್ರೋಗ್ರಾಂ, ಭಾಷಣ, ಯೋಗ, ಸೀನಿಯರ್‌ಗಳ ಡ್ಯಾನ್ಸು. ಆಮೇಲೆ ಯುಎಸ್‌ಎನ್, ಅಂದರೆ ಯೂನಿವರ್ಸಿಟಿ ಸೀಟ್ ನಂಬರ್ ಬರುತ್ತೆ. ಹತ್ತು ಅಕ್ಷರದ ಜಾತಕ ಅದು: ಮೊದಲ ಅಂಕಿ ಪ್ರದೇಶ (1 ಅಂದ್ರೆ ಬೆಂಗಳೂರು, 2 ಬೆಳಗಾವಿ, 3 ಕಲಬುರಗಿ, 4 ಮೈಸೂರು), ಆಮೇಲೆ ಕಾಲೇಜು, ಸೇರಿದ ವರ್ಷ, ಬ್ರಾಂಚು, ಕೊನೆಗೆ ನಿಮ್ಮ ನಂಬರು. ಇನ್ನು ನಾಲ್ಕು ವರ್ಷ ನಿಮ್ಮ ಹೆಸರಿಗಿಂತ ಆ ನಂಬರನ್ನೇ ಜಾಸ್ತಿ ಬರೆಯುತ್ತೀರಿ. ಅಷ್ಟರಲ್ಲಿ ಅರ್ಧ ಸೆಕ್ಷನ್‌ಗಳು ಪಿ ಸೈಕಲ್, ಇನ್ನರ್ಧ ಸಿ ಸೈಕಲ್ ಆಗಿರುತ್ತವೆ. ಒಬ್ಬರಿಗೆ ಫಿಸಿಕ್ಸ್ ಮೊದಲು, ಇನ್ನೊಬ್ಬರಿಗೆ ಕೆಮಿಸ್ಟ್ರಿ. ಎರಡನೇ ಸೆಮ್‌ನಲ್ಲಿ ಅದಲು ಬದಲು. ಮ್ಯಾಥ್ಸ್ ಎರಡರಲ್ಲೂ ಇದ್ದೇ ಇರುತ್ತೆ. ಕಂಪ್ಯೂಟರ್ ಸೈನ್ಸ್ ಅಂತ ಲಕ್ಷಗಟ್ಟಲೆ ಕಟ್ಟಿ ಬಂದ ಹುಡುಗ ಕೈಯಲ್ಲಿ ಬ್ಯೂರೆಟ್ ಹಿಡಿದು "ಇದಕ್ಕಾ ನಾನು ಬಂದಿದ್ದು?" ಅನ್ನೋ ಮುಖ ಮಾಡುತ್ತಾನೆ. ಹೌದಪ್ಪ, ಮೊದಲ ವರ್ಷ ಇದಕ್ಕೇ.

ಇನ್ನೊಂದು ಸಣ್ಣ ಮಾತು. ಸ್ಕೀಮ್, ಅಂದರೆ ಸಿಲಬಸ್ಸು ಮತ್ತು ಮಾರ್ಕ್ಸಿನ ನಿಯಮ, ಪದೇ ಪದೇ ಬದಲಾಗುತ್ತೆ. 2018ರದ್ದು, 2021ರದ್ದು, 2022ರದ್ದು ಬೇರೆ ಬೇರೆ. ಸೀನಿಯರ್ ಅಕ್ಕ ಪ್ರೀತಿಯಿಂದ ಕೊಟ್ಟ ನೋಟ್ಸ್ ನಿಮ್ಮ ಸ್ಕೀಮಿನದ್ದೇ ಅಂತ ನೋಡಿಕೊಂಡು ಓದಿ. ಇಲ್ಲದ ಚಾಪ್ಟರನ್ನ ರಾತ್ರಿಯೆಲ್ಲ ಓದಿ ಬಂದವರನ್ನ ನಾನು ನೋಡಿದ್ದೇನೆ.

ಈಗ ಇಂಟರ್ನಲ್ಸ್‌ಗೆ, ಅಂದರೆ ಕಾಲೇಜೇ ಮಧ್ಯೆ ಮಧ್ಯೆ ನಡೆಸುವ ಟೆಸ್ಟ್‌ಗಳಿಗೆ ಬರೋಣ.

ಎರಡು ವರ್ಷದ ಹಿಂದೆ ನನ್ನ ಪ್ರಾಕ್ಟರ್ ಗುಂಪಿನಲ್ಲಿ ಒಬ್ಬ ಹುಡುಗ ಇದ್ದ. ಚಳ್ಳಕೆರೆ ಕಡೆಯವನು ಅಂದುಕೊಳ್ಳಿ. ಪಿಯುಸಿ ಮ್ಯಾಥ್ಸ್‌ನಲ್ಲಿ ತೊಂಬತ್ತಾರು. ಮೊದಲ ಟೆಸ್ಟ್ ಆಗಿ ಬ್ಲೂ ಬುಕ್ (ಟೆಸ್ಟಿನ ಉತ್ತರ ಬರೆಯುವ ಪುಸ್ತಕ) ಕೊಟ್ಟ ದಿನ ಎಲ್ಲರೂ ತಂದು ತೋರಿಸಿದರು, ಇವನು ಬರಲಿಲ್ಲ. ಮಾರನೇ ದಿನ ಕಾರಿಡಾರಿನಲ್ಲಿ ಹಿಡಿದು ಕೇಳಿದರೆ ಬ್ಯಾಗಿನ ತಳದಿಂದ ತೆಗೆದ. ಮೊದಲ ಪುಟದಲ್ಲಿ ಮಾರ್ಕ್ಸ್ ಬರೆದಿದ್ದ ಮೂಲೆಯನ್ನ ತ್ರಿಕೋನಾಕಾರವಾಗಿ ಒಳಕ್ಕೆ ಮಡಚಿ, ಉಗುರಿನಿಂದ ಗೀರಿ ಗಟ್ಟಿ ಮಾಡಿದ್ದ. ಬಿಡಿಸಿದೆ. ಐವತ್ತಕ್ಕೆ ಹನ್ನೊಂದು.

ಸ್ಟಾಫ್ ರೂಮಿನಲ್ಲಿ ಕೂರಿಸಿಕೊಂಡು ಒಂದೊಂದೇ ಪುಟ ತಿರುವಿದೆ. ನಾನು ಮ್ಯಾಥ್ಸ್ ಮೇಡಂ ಅಲ್ಲ, ಪಕ್ಕದಲ್ಲಿ ಪುಸ್ತಕ ತೆಗೆದಿಟ್ಟುಕೊಂಡೇ ನೋಡಿದ್ದು. ಪೋಲಾರ್ ಕರ್ವ್ಸ್ ಲೆಕ್ಕ, ಕಾರ್ಡಿಯಾಯ್ಡ್. ಹುಡುಗ ಡಿಫರೆನ್ಷಿಯೇಟ್ ಮಾಡಿದ್ದು ಸರಿ, ಸೂತ್ರಕ್ಕೆ ಹಾಕಿದ್ದು ಸರಿ. ಟ್ಯಾನ್ ಫೈ ಈಕ್ವಲ್ ಟು ಮೈನಸ್, ಬ್ರ್ಯಾಕೆಟ್ಟಿನಲ್ಲಿ ಒನ್ ಪ್ಲಸ್ ಕಾಸ್ ತೀಟಾ, ಬೈ ಸೈನ್ ತೀಟಾ ಅಂತ ಬರೆದು ಅಲ್ಲಿಗೇ ನಿಲ್ಲಿಸಿದ್ದಾನೆ. ಕೆಳಗೆ ಮುಕ್ಕಾಲು ಪುಟ ಖಾಲಿ.

"ಒನ್ ಪ್ಲಸ್ ಕಾಸ್ ತೀಟಾನ ಅರ್ಧ ಆ್ಯಂಗಲ್‌ಗೆ ಬರೀಬೇಕಿತ್ತಲ್ಲೋ. ಪಿಯುಸಿದು ಅಲ್ವಾ ಇದು?" ಅಂದೆ.

"ಆಪ್ಷನ್ ಕೊಟ್ಟಿದ್ರೆ ಮಾಡ್ತಿದ್ದೆ ಮೇಡಂ," ಅಂದ. ತಮಾಷೆಗೆ ಹೇಳಿದ್ದಲ್ಲ. "ತೀಟಾಗೆ ತೊಂಬತ್ತು ಹಾಕಿದ್ರೆ ಟ್ಯಾನ್ ಫೈ ಮೈನಸ್ ಒಂದು ಬರುತ್ತೆ. ಅಂದ್ರೆ ಫೈ ನೂರಾ ಮೂವತ್ತೈದು. ನಾಲ್ಕು ಆಪ್ಷನ್‌ನಲ್ಲಿ ಯಾವುದಕ್ಕೆ ಅದು ಬರುತ್ತೋ ಅದನ್ನ ಟಿಕ್ ಮಾಡೋದು."

ನನಗೆ ಎರಡು ನಿಮಿಷ ಮಾತು ಹೊರಡಲಿಲ್ಲ. ಹುಡುಗ ದಡ್ಡ ಅಲ್ಲವೇ ಅಲ್ಲ, ಅವನ ಉಪಾಯದಲ್ಲಿ ಬುದ್ಧಿ ಇದೆ. ಆದರೆ ಎರಡು ವರ್ಷ ಅವನನ್ನ ತಯಾರು ಮಾಡಿದ್ದು ಬೇರೆ ಆಟಕ್ಕೆ. ಸಿಇಟಿಯಲ್ಲಿ ಎಂಬತ್ತು ನಿಮಿಷಕ್ಕೆ ಅರವತ್ತು ಪ್ರಶ್ನೆ, ನೆಗೆಟಿವ್ ಮಾರ್ಕಿಂಗ್ ಇಲ್ಲ. ಉತ್ತರ ಹೇಗೆ ಬಂತು ಅಂತ ಯಾರೂ ಕೇಳಲ್ಲ. ಇಲ್ಲಿ ಸೆಮಿಸ್ಟರ್ ಎಕ್ಸಾಂ ಅಂದರೆ ಮೂರು ಗಂಟೆ, ಐದು ಮಾಡ್ಯೂಲು, ಪ್ರತಿ ಮಾಡ್ಯೂಲಿನಿಂದ ಇಪ್ಪತ್ತು ಮಾರ್ಕಿನ ಒಂದು ಪೂರ್ತಿ ಪ್ರಶ್ನೆ. ಕೊನೆಯ ಉತ್ತರ ತಪ್ಪಾದರೂ ಸ್ಟೆಪ್ಸ್‌ಗೆ ಮಾರ್ಕ್ಸ್ ಉಂಟು. ಉತ್ತರ ಸರಿ ಇದ್ದು ಸ್ಟೆಪ್ಸ್ ಇಲ್ಲದಿದ್ದರೆ ಕೈಗೆ ಸಿಗೋದು ಅಷ್ಟರಲ್ಲೇ ಇದೆ. ಪಿಯು ಬೋರ್ಡಿಗೆ ಸ್ಟೆಪ್ಸ್ ಬರೆದಿದ್ದರಲ್ಲ ಅಂತೀರಾ? ಬರೆದಿದ್ದರು, ಬಾಯಿಪಾಠ ಮಾಡಿ. ನನ್ನ ಅನುಭವದಲ್ಲಿ ಎಂ1 (ಫಸ್ಟ್ ಸೆಮ್ ಮ್ಯಾಥ್ಸ್) ಬೀಳೋದು ಎಂ1ನಿಂದ ಅಲ್ಲ, ಫಸ್ಟ್ ಪಿಯುಸಿಯ ಟ್ರಿಗೊನೊಮೆಟ್ರಿಯಿಂದ. ಕಾಲೇಜು ಶುರುವಾಗೋಕೆ ಮುಂಚೆ ಒಂದು ತಿಂಗಳು ಬಿಡುವಿದ್ದರೆ ಪೈಥಾನ್ ಕೋರ್ಸಿಗೆ ದುಡ್ಡು ಕಟ್ಟುವ ಬದಲು ಆ ಹಳೇ ಪುಸ್ತಕ ತೆಗೆದು ಟ್ರಿಗೊನೊಮೆಟ್ರಿ, ಇಂಟಿಗ್ರೇಷನ್ ಇನ್ನೊಂದು ಸಲ ಪೆನ್ನು ಹಿಡಿದು ಮಾಡಿ. ಖರ್ಚು ಒಂದು ನೋಟ್‌ಬುಕ್ಕು.

ಆದರೆ ನನ್ನನ್ನ ಕಾಡಿದ್ದು ಹನ್ನೊಂದು ಮಾರ್ಕ್ಸ್ ಅಲ್ಲ, ಆ ಮಡಚಿದ ಮೂಲೆ. ಯಾಕೆಂದರೆ ಅದನ್ನ ನಾನೂ ಮಾಡಿದ್ದೇನೆ.

ನಾನು ಇಂಜಿನಿಯರಿಂಗ್ ಸೇರಿದ್ದು 1999ರಲ್ಲಿ. ವಿಟಿಯು ಹುಟ್ಟಿ ಒಂದು ವರ್ಷ ಆಗಿತ್ತು ಅಷ್ಟೇ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಅರಸೀಕೆರೆ ಕಡೆಯ ಹಳ್ಳಿ, ಅಪ್ಪನಿಗೆ ತೆಂಗಿನ ತೋಟ. ನಮ್ಮ ಕಾಲದಲ್ಲಿ ಡ್ರಾಯಿಂಗ್ ಎಲ್ಲ ಕೈಯಲ್ಲೇ: ಹೆಗಲಿಗೆ ಶೀಟಿನ ರೋಲು, ಬ್ಯಾಗಿಂದ ಹೊರಗೆ ಕೈ ಚಾಚಿಕೊಂಡಿರುವ ಡ್ರಾಫ್ಟರ್ರು (ಗೆರೆ ಎಳೆಯುವ ಸಾಧನ). ಬಸ್ಸಿನಲ್ಲಿ ಅದು ಯಾರಿಗೋ ಚುಚ್ಚಿ ಬೈಸಿಕೊಳ್ಳದ ದಿನ ಇಲ್ಲ. "ಎಂಬತ್ತು ಮಿಲಿಮೀಟರ್ ಉದ್ದದ ಗೆರೆ, ಎಚ್‌ಪಿಗೆ ಮೂವತ್ತು ಡಿಗ್ರಿ, ವಿಪಿಗೆ ನಲವತ್ತೈದು ಡಿಗ್ರಿ, ಪ್ರೊಜೆಕ್ಷನ್ ಬರೆಯಿರಿ" ಅನ್ನುತ್ತಿದ್ದರು. ಬೋರ್ಡಿನ ಮೇಲೆ ಗೆರೆ ಬೀಳುತ್ತಿತ್ತು, ಪಕ್ಕದವರು ಬರೆದುಕೊಳ್ಳುತ್ತಿದ್ದರು, ನಾನೂ ಬರೆದುಕೊಳ್ಳುತ್ತಿದ್ದೆ. ಆ ಗೆರೆ ಎಲ್ಲಿದೆ, ನಾನು ಎಲ್ಲಿಂದ ನೋಡುತ್ತಿದ್ದೇನೆ ಅನ್ನೋದೇ ಗೊತ್ತಿರಲಿಲ್ಲ. ಕೇಳೋಣ ಅಂದರೆ ಇಂಗ್ಲಿಷಿನಲ್ಲಿ ವಾಕ್ಯ ಕಟ್ಟುವಷ್ಟರಲ್ಲಿ ಮೇಷ್ಟ್ರು ಮುಂದಿನ ಲೆಕ್ಕಕ್ಕೆ ಹೋಗಿರುತ್ತಿದ್ದರು.

ಡ್ರಾಯಿಂಗ್ ಫೇಲಾಗಿ ಬ್ಯಾಕ್ ಉಳಿಯಿತು. ಎಸ್ಸೆಸ್ಸೆಲ್ಸಿಯಲ್ಲಿ ಹೋಬಳಿಗೇ ಮೊದಲು ಬಂದವಳು ನಾನು. ಮನೆಯಲ್ಲಿ ಹೇಳಲಿಲ್ಲ. ಮತ್ತೆ ಎಕ್ಸಾಂ ಫೀಸ್ ಕಟ್ಟಬೇಕಲ್ಲ, "ಕಾಲೇಜಿಂದ ಟೂರು" ಅಂತ ಅಪ್ಪನ ಹತ್ತಿರ ದುಡ್ಡು ಇಸಿದುಕೊಂಡೆ. ನಾಲ್ಕು ತಿಂಗಳು ಹಾಸ್ಟೆಲ್ಲಿನಲ್ಲಿ ಯಾರ ಜೊತೆಗೂ ಸರಿಯಾಗಿ ಊಟಕ್ಕೆ ಕೂತಿಲ್ಲ, ರಿಸಲ್ಟ್ ಮಾತು ಬಂದೀತು ಅಂತ.

ಕೊನೆಗೆ ಕಂಡುಹಿಡಿದಿದ್ದು ಎದುರು ರೂಮಿನ ಸೀನಿಯರ್, ಕೊಪ್ಪಳ ಕಡೆಯ ಅಕ್ಕ. ಸೋಪಿನ ಪೆಟ್ಟಿಗೆಯ ರಟ್ಟು ಹರಿದು, ಎಲ್ ಆಕಾರಕ್ಕೆ ಮಡಚಿ ಮೇಜಿನ ಮೇಲಿಟ್ಟಳು. "ಇದು ಗ್ವಾಡಿ, ಇದು ನೆಲ. ಗ್ವಾಡಿ ವಿಪಿ, ನೆಲ ಎಚ್‌ಪಿ. ಪೆನ್ಸಿಲ್ ಈ ಮೂಲ್ಯಾಗ ಓರೆ ಹಿಡಿ. ಎದುರಿನಿಂದ ನೋಡಿದ್ರ ಗ್ವಾಡಿ ಮ್ಯಾಲ ಹೆಂಗ ಕಾಣ್ತದ? ಮ್ಯಾಲಿಂದ ನೋಡಿದ್ರ ನೆಲದ ಮ್ಯಾಲ ಹೆಂಗ ಕಾಣ್ತದ? ಈಗ ನೆಲಾ ಕೆಳಗ ಮಡಚು." ನೆಲದ ಭಾಗವನ್ನ ಕೆಳಕ್ಕೆ ಮಡಚಿದಳು. ರಟ್ಟು ನೆಟ್ಟಗೆ ಒಂದೇ ಹಾಳೆಯಾಯಿತು. ಮಡಿಕೆಯ ಗೆರೆಯೇ ಎಕ್ಸ್‌ವೈ ಲೈನು. ಫ್ರಂಟ್ ವ್ಯೂ ಮೇಲೆ, ಟಾಪ್ ವ್ಯೂ ಕೆಳಗೆ. ಒಂದು ಇಡೀ ಸೆಮಿಸ್ಟರ್ ಅರ್ಥ ಆಗದ್ದು ಹತ್ತು ನಿಮಿಷ ಹಿಡಿಯಿತು. ಇವತ್ತು ಡ್ರಾಯಿಂಗ್ ಕಂಪ್ಯೂಟರಿಗೆ ಬಂದಿದೆ, ಆದರೂ ಪ್ರತಿ ವರ್ಷ ಮೊದಲ ಕ್ಲಾಸಿಗೆ ನಾನು ರಟ್ಟು ತಗೊಂಡೇ ಹೋಗೋದು.

ಅಪ್ಪನಿಗೆ ಆಮೇಲೆ ಗೊತ್ತಾಯಿತು. ಬೈಯಲಿಲ್ಲ, ಒಂದು ವಾರ ಮಾತಾಡಲಿಲ್ಲ. ಫೇಲಾಗಿದ್ದಕ್ಕಲ್ಲ, ಟೂರು ಅಂದಿದ್ದಕ್ಕೆ.

ಒಂದು ಸಬ್ಜೆಕ್ಟು ಹೋದರೆ ಇಂಜಿನಿಯರಿಂಗ್ ಹೋಗಲ್ಲ. ಆದರೆ ಅದನ್ನ ಮುಚ್ಚಿಡೋಕೆ ಶುರು ಮಾಡಿದ ಮೇಲೆ ಮಕ್ಕಳು ಮೊದಲು ಆ ಕ್ಲಾಸು ತಪ್ಪಿಸುತ್ತಾರೆ, ಆಮೇಲೆ ಆ ಮೇಷ್ಟ್ರನ್ನ, ಆಮೇಲೆ ಲ್ಯಾಬನ್ನ, ಕೊನೆಗೆ ಪಾಸಾದ ಫ್ರೆಂಡ್ಸನ್ನ. ಅಟೆಂಡೆನ್ಸ್ ಶಾರ್ಟೇಜ್ ಬರೋದು ಬಹಳ ಸಲ ಸಿನಿಮಾಗೆ ಹೋಗಿ ಅಲ್ಲ, ಹೀಗೆ. ಎಂಬತ್ತೈದು ಪರ್ಸೆಂಟ್ ಇರಬೇಕು. ತಕ್ಕ ಕಾರಣ ಇದ್ದರೆ ಪ್ರಿನ್ಸಿಪಾಲರು ಹತ್ತು ಪರ್ಸೆಂಟಿನವರೆಗೆ ಮನ್ನಾ ಮಾಡಬಹುದು. ಆ ಹತ್ತನ್ನ ಸೀನಿಯರ್‌ಗಳು ಹಕ್ಕು ಅನ್ನೋ ಹಾಗೆ ಹೇಳಿಕೊಡುತ್ತಾರೆ. ನಂಬಬೇಡಿ, ಜ್ವರ ಬಂದಾಗ ಬೇಕಾಗುತ್ತೆ.

ಮಾರ್ಕ್ಸಿನ ಲೆಕ್ಕವೂ ಮೊದಲೇ ತಿಳಿದಿರಲಿ. 2022ರ ಸ್ಕೀಮಿನಲ್ಲಿ ಇಂಟರ್ನಲ್ಸ್‌ಗೆ ಐವತ್ತು, ಸೆಮಿಸ್ಟರ್ ಎಕ್ಸಾಂಗೆ ಐವತ್ತು. ಎಕ್ಸಾಂ ಬರೆಯೋದು ನೂರಕ್ಕೆ, ಇಳಿಸೋದು ಐವತ್ತಕ್ಕೆ. ಇಂಟರ್ನಲ್ಸ್‌ನಲ್ಲಿ ಇಪ್ಪತ್ತು ಬರದಿದ್ದರೆ ಎಕ್ಸಾಂಗೆ ಕೂರುವ ಹಾಗೇ ಇಲ್ಲ. ಎಕ್ಸಾಂನಲ್ಲಿ ಹದಿನೆಂಟು ಬೇಕು. ಎರಡೂ ಸೇರಿ ನಲವತ್ತು ಬೇಕು. ಇಪ್ಪತ್ತು, ಹದಿನೆಂಟು ಕೂಡಿಸಿ ನೋಡಿ. ಎರಡರಲ್ಲೂ ಪಾಸು, ಒಟ್ಟಿನಲ್ಲಿ ಫೇಲು. ಇದು ರಿಸಲ್ಟ್ ಬಂದ ದಿನ ಗೊತ್ತಾಗಿ ಅತ್ತವರು ಇದ್ದಾರೆ. ಮಾರ್ಕ್ಸ್ ಬಗ್ಗೆ ಅನುಮಾನ ಇದ್ದರೆ ಆನ್ಸರ್ ಶೀಟಿನ ಪ್ರತಿ ತರಿಸಬಹುದು, ರಿವ್ಯಾಲ್ಯುಯೇಷನ್‌ಗೂ ಹಾಕಬಹುದು. ಎರಡಕ್ಕೂ ಫೀಸುಂಟು, ಕೊನೇ ದಿನಾಂಕವೂ ಉಂಟು. ಅದನ್ನ ಕೇಳಬೇಕಾದರೂ ಫೇಲಾಗಿದೀನಿ ಅಂತ ಯಾರಿಗಾದರೂ ಹೇಳಬೇಕಲ್ಲ!

ಕನ್ನಡ ಮೀಡಿಯಂನಿಂದ ಬಂದವರಿಗೆ ಬೇರೆ ಒಂದು ಮಾತು. 2021ರಲ್ಲಿ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಕನ್ನಡದಲ್ಲೂ ಇಂಜಿನಿಯರಿಂಗ್ ಕಲಿಸಬಹುದು ಅಂದಿತು, ಆದರೆ ನೀವು ಕೂರುವ ಕ್ಲಾಸು ಇಂಗ್ಲಿಷಿನದ್ದೇ ಆಗಿರುತ್ತೆ. ಉತ್ತರ ಇಂಗ್ಲಿಷಿನಲ್ಲೇ ಬರೆಯಿರಿ, ಸಣ್ಣ ಸಣ್ಣ ವಾಕ್ಯ ಸಾಕು. ಡೌಟ್ ಮಾತ್ರ ಧಾರಾಳವಾಗಿ ಕನ್ನಡದಲ್ಲೇ ಕೇಳಿ. ನಮ್ಮಂಥ ಊರಿನ ಕಾಲೇಜುಗಳಲ್ಲಿ ಮುಕ್ಕಾಲು ಪಾಲು ಮೇಷ್ಟ್ರುಗಳು ಸ್ಟಾಫ್ ರೂಮಿನಲ್ಲಿ ಮಾತಾಡೋದೂ ಅದೇ. ಫಸ್ಟ್ ಇಯರಿನಲ್ಲಿ ಹೊರ ರಾಜ್ಯದವರಿಗೆ ಬಳಕೆ ಕನ್ನಡ, ನಮ್ಮವರಿಗೆ ಸಾಂಸ್ಕೃತಿಕ ಕನ್ನಡ ಅಂತ ಒಂದು ಸಬ್ಜೆಕ್ಟ್ ಇದೆ. ಬಿಹಾರದ ಹುಡುಗ "ಇದರ ಬೆಲೆ ಎಷ್ಟು?" ಅಂತ ಕ್ಯಾಂಟೀನಿನಲ್ಲಿ ತಪ್ಪು ತಪ್ಪಾಗಿ, ಜೋರಾಗಿ ಕೇಳುತ್ತಾನೆ. ಅವನಿಗೆ ನಾಚಿಕೆ ಇಲ್ಲ. ನಮ್ಮ ಹುಡುಗಿ ಇಂಗ್ಲಿಷಿನ ಒಂದು ವಾಕ್ಯಕ್ಕೆ ಹೆದರಿ ಒಂದು ಸೆಮಿಸ್ಟರ್ ಬಾಯಿ ಮುಚ್ಚಿಕೊಂಡು ಕೂರುತ್ತಾಳೆ.

ರ‍್ಯಾಗಿಂಗ್ ಮೊದಲಿನಷ್ಟಿಲ್ಲ, ಇಲ್ಲವೇ ಇಲ್ಲ ಅಂತ ಹೇಳಲ್ಲ. 2009ರ ಯುಜಿಸಿ ನಿಯಮ ಗಟ್ಟಿಯಾಗಿದೆ. 1800-180-5522 ಅನ್ನೋ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ ನಂಬರನ್ನ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ಇನ್ನು ಅಪ್ಪ ಅಮ್ಮಂದಿರು. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ, ಮಾರ್ಕ್ಸ್ ಕಾರ್ಡನ್ನ ಫ್ಯಾಮಿಲಿ ಗ್ರೂಪಿಗೆ ಹಾಕುವ ಚಾಳಿಯನ್ನ ಪಿಯುಸಿಗೇ ನಿಲ್ಲಿಸಿಬಿಡಿ. ತೊಂಬತ್ತಾರು ಬಂದಾಗ ಇಡೀ ಊರಿಗೆ ಹಂಚಿದವರ ಮುಂದೆ ಮಗ ಹನ್ನೊಂದು ತಂದು ಹೇಗೆ ಇಡುತ್ತಾನೆ? ನಾನು ಪ್ರಾಕ್ಟರ್ ಅಂತ ಫೋನ್ ಮಾಡಿದಾಗ ಕೆಲವರು "ನಿಮ್ಮ ಕಾಲೇಜಲ್ಲಿ ಸರಿಯಾಗಿ ಹೇಳ್ಕೊಡಲ್ಲ" ಅಂತಾರೆ. ಕೆಲವು ಸಲ ಅದು ನಿಜವೂ ಹೌದು. ಸೆಕ್ಷನ್ನಿಗೆ ಅರವತ್ತಕ್ಕೂ ಹೆಚ್ಚು ಜನರನ್ನ ತುಂಬಿ, ಎಲ್ಲರ ಮುಖ ನೋಡಿ ಪಾಠ ಮಾಡಿ ಅಂದರೆ ಆಗಲ್ಲ. ಅದಕ್ಕೇ ಹೇಳೋದು, ಹಿಂದಿನ ಬೆಂಚಿನವರು ತಾವಾಗಿ ಎದ್ದು ಬರಬೇಕಾಗುತ್ತೆ ಅಂತ. ಇದು ನ್ಯಾಯ ಅಲ್ಲ, ಆದರೆ ಸದ್ಯಕ್ಕೆ ಇರೋದು ಹೀಗೆ.

ಆ ಚಳ್ಳಕೆರೆ ಹುಡುಗ ಎರಡನೇ ಟೆಸ್ಟಿನಲ್ಲಿ ಇಪ್ಪತ್ತೆಂಟು ತಗೊಂಡ. ದೊಡ್ಡ ಪವಾಡ ಏನಲ್ಲ. ಫಸ್ಟ್ ಸೆಮ್ ಮ್ಯಾಥ್ಸ್ ಹೇಗೋ ಪಾಸಾಯಿತು, ಫಿಸಿಕ್ಸ್ ಹೋಯಿತು. ಫಿಸಿಕ್ಸ್ ಹೋಗಿದ್ದನ್ನ ಮಾತ್ರ ರಿಸಲ್ಟ್ ಬಂದ ಅರ್ಧ ಗಂಟೆಗೆ ಫೋನ್ ಮಾಡಿ ಹೇಳಿದ. "ಮನೇಲಿ ಹೇಳ್ದೇನೋ?" ಅಂದೆ. "ಪಕ್ಕದಲ್ಲೇ ಇದಾರೆ ಮೇಡಂ, ಬೈತಿದಾರೆ," ಅಂದ. ಹಿಂದೆ ಬೈಗುಳ ಕೇಳಿಸುತ್ತಿತ್ತು.

ಹಾಂ, ಲ್ಯಾಪ್‌ಟಾಪ್. ಮೊದಲ ದಿನವೇ ಬೇಕಿಲ್ಲ, ಲ್ಯಾಬಿನಲ್ಲಿ ಕಂಪ್ಯೂಟರ್ ಇರುತ್ತವೆ. ಒಂದು ಸೆಮ್ ನೋಡಿಕೊಂಡು ನಿಮ್ಮ ಬ್ರಾಂಚಿನವರನ್ನ ಕೇಳಿ ತಗೊಳ್ಳಿ. ಡ್ರಾಫ್ಟರ್ ಬೇಕಿದ್ದರೆ 1999ರದ್ದು ನನ್ನ ಹತ್ತಿರ ಒಂದಿದೆ, ಸ್ಕ್ರೂ ಸ್ವಲ್ಪ ಲೂಸು.